ಪೌರತ್ವ ಸಮಾರಂಭದಲ್ಲಿ ಬಾವುಟ ಕೊಡುವ ಈ ಹೆಂಗಸರು ಯಾರು? (ಡಿಎಆರ್ ಬಗ್ಗೆ ಚರ್ಚೆ)

ಕಾಫಿತೋಟ
ಈಚೆಗೆ ನ್ಯೂಜೆರ್ಸಿಯಲ್ಲಿ ನನ್ನ ತಮ್ಮನಿಗೆ ಅಮೆರಿಕದ ಪೌರತ್ವ ಸಿಕ್ಕಿತು. ಪ್ರಮಾಣವಚನ ಮುಗಿಸಿ ಹೊರಗೆ ಬರುವಾಗ ಬಾಗಿಲ ಹತ್ತಿರ ಕೆಲವು ವಯಸ್ಸಾದ ಹೆಂಗಸರು ನಿಂತಿದ್ದರು. ಎಲ್ಲರಿಗೂ ಒಂದೊಂದು ಪುಟ್ಟ ಬಾವುಟ ಕೊಟ್ಟು ಕೈಕುಲುಕುತ್ತಿದ್ದರು. ಎದೆಯ ಎಡಗಡೆ ನೀಲಿ-ಬಿಳಿ ರಿಬ್ಬನ್ನು, ಅದರ ತುಂಬಾ ಚಿನ್ನದ ಬಣ್ಣದ ಸಣ್ಣ ಪಟ್ಟಿಗಳು. ನಮ್ಮ ಅಮ್ಮನಂತೂ ಅವರನ್ನು ಸರ್ಕಾರದ ದೊಡ್ಡ ಅಧಿಕಾರಿಗಳು ಎಂದುಕೊಂಡು ಕೈಮುಗಿದೇಬಿಟ್ಟರು. ಕೇಳಿದರೆ "ನಾವು ಡಿಎಆರ್" ಎಂದರು.

ಮನೆಗೆ ಬಂದು ಗೂಗಲ್ ಮಾಡಿದೆ. ಒಂದು ಕಡೆ ಸಮಾಜಸೇವೆ ಅಂತಿದೆ, ಇನ್ನೊಂದು ಕಡೆ ಜನಾಂಗಭೇದದ ಹಳೇ ರಗಳೆ ಇದೆ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಲೈಬ್ರರಿ ಇಲಿ
ನಾನು ವರ್ಜೀನಿಯಾದಲ್ಲಿ ಒಂದು ಪಬ್ಲಿಕ್ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ವಂಶಾವಳಿ ಹುಡುಕಲು ಬರುವವರಲ್ಲಿ ಡಿಎಆರ್‌ಗೆ ಅರ್ಜಿ ಹಾಕುವವರೇ ಜಾಸ್ತಿ. ಹಾಗಾಗಿ ಸ್ವಲ್ಪ ಗೊತ್ತು.

ಪೂರ್ತಿ ಹೆಸರು ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್. ಬ್ರಿಟಿಷರ ವಿರುದ್ಧ ನಡೆದ ಸ್ವಾತಂತ್ರ್ಯ ಯುದ್ಧದಲ್ಲಿ ಕೈಜೋಡಿಸಿದವರ ನೇರ ವಂಶದಲ್ಲಿ ಹುಟ್ಟಿದ ಹೆಂಗಸರ ಸಂಘ. 18 ವರ್ಷ ತುಂಬಿರಬೇಕು. ಈಗ ಸುಮಾರು 3,000 ಚಾಪ್ಟರ್‌ಗಳು, ಅಂದರೆ ಊರೂರಿನ ಶಾಖೆಗಳು, ಇವೆ. ನಿಮ್ಮ ತಮ್ಮನಿಗೆ ಬಾವುಟ ಕೊಟ್ಟವರು ಆ ಊರಿನ ಚಾಪ್ಟರಿನವರು. ರಿಬ್ಬನ್ನಿನ ಮೇಲಿನ ಪಟ್ಟಿಗಳು ಸುಮ್ನೆ ಅಲಂಕಾರಕ್ಕಲ್ಲ. ಒಂದೊಂದರ ಮೇಲೂ ಒಬ್ಬೊಬ್ಬ ಪೂರ್ವಜನ ಹೆಸರು ಕೆತ್ತಿರುತ್ತಾರೆ. ದಾಖಲೆ ಕೊಟ್ಟು ಸಾಬೀತು ಮಾಡಿದ ಹೆಸರಿಗಷ್ಟೇ ಪಟ್ಟಿ.

ಸಂಘ ಹುಟ್ಟಿದ್ದೇ ಸಿಟ್ಟಿನಲ್ಲಿ. 1889ರಲ್ಲಿ ಗಂಡಸರು ಸನ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್ ಎಂದು ಒಂದು ಸಂಘ ಕಟ್ಟಿದರು. ಮರುವರ್ಷ ಹೆಂಗಸರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ತೀರ್ಮಾನ ಮಾಡಿದರು. ವಾಷಿಂಗ್ಟನ್‌ನಲ್ಲಿ ಮೇರಿ ಸ್ಮಿತ್ ಲಾಕ್‌ವುಡ್ ಎಂಬಾಕೆ ಇದ್ದರು, ಬಾಡಿಗೆ ರೂಮುಗಳ ಮನೆ ನಡೆಸುತ್ತಿದ್ದರು, ಬರೆಯುತ್ತಲೂ ಇದ್ದರು. 1890ರ ಜುಲೈ 13ರಂದು ವಾಷಿಂಗ್ಟನ್ ಪೋಸ್ಟ್‌ನಲ್ಲಿ ಅವರದೊಂದು ಪತ್ರ ಬಂತು. ಅದರಲ್ಲಿ ನ್ಯೂಜೆರ್ಸಿಯ ಹ್ಯಾನಾ ಆರ್ನೆಟ್ ಕಥೆ ಹೇಳಿದ್ದರು. 1776ರಲ್ಲಿ ಯುದ್ಧ ಕೈಮೀರುತ್ತಿದೆ ಎಂದು ಊರಿನ ಗಂಡಸರೆಲ್ಲ ಕೂತು ಬ್ರಿಟಿಷರ ಕ್ಷಮಾದಾನ ಒಪ್ಪಿಕೊಳ್ಳಲು ಹೊರಟಿದ್ದರಂತೆ. ಆಕೆ ಒಳಗಿನಿಂದ ಎದ್ದು ಬಂದು, ಹಾಗೆ ಮಾಡಿದರೆ ನಾನು ನಿನ್ನ ಜೊತೆ ಬಾಳುವುದಿಲ್ಲ ಎಂದು ಗಂಡನ ಮುಖಕ್ಕೇ ಹೇಳಿದಳಂತೆ. ಇಂಥವರನ್ನು ಬಿಟ್ಟು ಯಾವ ದೇಶಭಕ್ತರ ಸಂಘ ನಿಮ್ಮದು ಎನ್ನುವುದು ಲಾಕ್‌ವುಡ್ ಅವರ ಪ್ರಶ್ನೆ.

ಮೂರೇ ತಿಂಗಳಲ್ಲಿ, ಅಕ್ಟೋಬರ್ 11ಕ್ಕೆ, ಅವರ ಮನೆಯಲ್ಲೇ ಡಿಎಆರ್ ಶುರುವಾಯಿತು. ಜೊತೆಗಿದ್ದವರು ಮೇರಿ ಡೀಶಾ, ಎಲೆನ್ ಹಾರ್ಡಿನ್ ವಾಲ್‌ವರ್ತ್, ಯುಜೀನಿಯಾ ವಾಷಿಂಗ್ಟನ್. ಕೊನೆಯವರು ಜಾರ್ಜ್ ವಾಷಿಂಗ್ಟನ್ ಅವರ ತಮ್ಮನ ಮರಿಮಗಳು. ಅಷ್ಟು ದೊಡ್ಡ ಹೆಸರಿದ್ದರೂ ಹೊಟ್ಟೆಪಾಡಿಗೆ ಅಂಚೆ ಇಲಾಖೆಯಲ್ಲಿ ಗುಮಾಸ್ತೆ. ಡೀಶಾ ಕೂಡ ಸರ್ಕಾರಿ ಗುಮಾಸ್ತೆಯೇ. ಟೀ ಕುಡಿಯುತ್ತಾ ಕೂತ ಶ್ರೀಮಂತರ ಕ್ಲಬ್ ಎಂದು ತಮಾಷೆ ಮಾಡುವವರಿಗೆ ಇದು ಗೊತ್ತಿರುವುದಿಲ್ಲ. ಮೊದಲ ಅಧ್ಯಕ್ಷೆಯಾಗಿ ಮಾತ್ರ ಆಗಿನ ರಾಷ್ಟ್ರಾಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಅವರ ಹೆಂಡತಿ ಕ್ಯಾರೊಲಿನ್ ಅವರನ್ನು ಕರೆತಂದರು. ಜಾಣತನ!

ಹುಬ್ಬಳ್ಳಿ ಹೈದ
ಒಟ್ಟಿನಲ್ಲಿ ಜಾತಿ ಸಂಘ ಇದ್ದ ಹಾಗೆ, ಅಲ್ವಾ? ಇಂಥವರ ಹೊಟ್ಟೆಯಲ್ಲಿ ಹುಟ್ಟಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಮುತ್ತಜ್ಜ ಬಂದೂಕು ಹಿಡಿದದ್ದಕ್ಕೆ ಇವರಿಗ್ಯಾಕೆ ರಿಬ್ಬನ್ನು?

ಲೈಬ್ರರಿ ಇಲಿ
ಹೈದ ಅವರೇ, ಹುಟ್ಟಿನ ಮೇಲೆ ನಿಂತ ಸಂಘ ಎನ್ನುವುದು ನಿಜ. ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂದೂಕೇ ಹಿಡಿದಿರಬೇಕು ಎಂದಿಲ್ಲ. 1775ರ ಏಪ್ರಿಲ್ 19ರಿಂದ 1783ರ ನವೆಂಬರ್ 26ರ ನಡುವೆ ಏನಾದರೂ ನೆರವು ಕೊಟ್ಟಿದ್ದರೆ ಸಾಕು. ಮೊದಲನೆಯದು ಲೆಕ್ಸಿಂಗ್ಟನ್ ಕಾಳಗದ ದಿನ, ಎರಡನೆಯದು ಬ್ರಿಟಿಷ್ ಸೇನೆ ನ್ಯೂಯಾರ್ಕ್ ಬಿಟ್ಟ ಸಮಯದ್ದು. ಸೈನ್ಯಕ್ಕೆ ದನ ಕೊಟ್ಟವನು, ಗೋಧಿ ಕೊಟ್ಟವಳು, ಯುದ್ಧಕ್ಕೆಂದು ಹಾಕಿದ ತೆರಿಗೆ ಕಟ್ಟಿದವನು, ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಿದವನು, ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಅಮೆರಿಕದ ಪರ ನಿಂತ ಫ್ರೆಂಚ್, ಸ್ಪ್ಯಾನಿಷ್ ಸೈನಿಕರ ವಂಶದವರೂ ಸೇರಬಹುದು.

ಕಷ್ಟ ಇರುವುದು ಕಾಗದದಲ್ಲಿ. ಒಂದೊಂದು ತಲೆಮಾರಿಗೂ ಇವಳು ಇವರ ಮಗಳು ಎಂದು ತೋರಿಸುವ ದಾಖಲೆ ಬೇಕು. 1850ಕ್ಕಿಂತ ಮುಂಚಿನ ಜನಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತದೆ. ಹೆಂಡತಿ ಮಕ್ಕಳೆಲ್ಲ ಬರೀ ಲೆಕ್ಕದ ಗೀಟುಗಳು. 1890ರ ಜನಗಣತಿಯಂತೂ 1921ರ ಬೆಂಕಿಯ ನಂತರ ಬಹುಪಾಲು ಹಾಳಾಗಿಹೋಯಿತು. ಹೀಗಾಗಿ ಹುಡುಕಾಟವೆಲ್ಲ ಉಯಿಲು, ಜಮೀನು ಪತ್ರ, ಪಿಂಚಣಿ ಅರ್ಜಿಗಳಲ್ಲಿ. ಸೈನಿಕರ ವಿಧವೆಯರು ಪಿಂಚಣಿಗೆ ಅರ್ಜಿ ಹಾಕುವಾಗ ಮದುವೆಗೆ ಪುರಾವೆ ಬೇಕಿತ್ತು. ಸರ್ಟಿಫಿಕೇಟು ಎಲ್ಲಿಂದ ಬರಬೇಕು? ಮನೆಯ ಬೈಬಲ್‌ನಲ್ಲಿ ಮದುವೆ, ಹೆರಿಗೆ ಬರೆದಿಟ್ಟ ಹಾಳೆಯನ್ನೇ ಹರಿದು ಕಳಿಸುತ್ತಿದ್ದರು. ಆ ಹಾಳೆಗಳು ಈಗಲೂ ರಾಷ್ಟ್ರೀಯ ದಾಖಲಾತಿ ಭಂಡಾರದ ಕಡತಗಳಲ್ಲಿ ಇವೆ. ಸ್ಕ್ಯಾನ್ ಆದವನ್ನು ನಾನೂ ನೋಡಿದ್ದೇನೆ. ಒಂದರಲ್ಲಿ ಹುಟ್ಟಿದ ಮಗುವಿನ ಹೆಸರು, ಅದರ ಕೆಳಗೇ ಸತ್ತ ತಾರೀಕು, ಮುಂದಿನ ಮಗುವಿಗೂ ಅದೇ ಹೆಸರು.

ಹುಬ್ಬಳ್ಳಿ ಹೈದ
ಇದು ಚಲೋ ಮಾಹಿತಿ. ನಮ್ಮ ಕಡೆ ಹೆಳವರು ಬರುತ್ತಾರೆ ನೋಡ್ರಿ. ಮೊದಲೆಲ್ಲ ಎತ್ತಿನ ಮೇಲೆ ಕೂತು ಬರುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಮನೆ ಮುಂದೆ ನಿಂತು ನಿಮ್ಮ ಅಜ್ಜ, ಮುತ್ತಜ್ಜ, ಮೂಲ ಊರು, ಯಾರ ಮನೆಗೆ ಯಾರು ದತ್ತು ಹೋದರು, ಎಲ್ಲಾ ಒಂದೇ ಉಸಿರಿಗೆ ಹೇಳಿ ಕಾಳು ಹಾಕಿಸಿಕೊಂಡು ಹೋಗುತ್ತಾರೆ. ಡಿಎಆರ್ ಅವರ ಮಾತು ಒಪ್ಪುತ್ತದೆಯೋ ಇಲ್ಲವೋ!

ಲೈಬ್ರರಿ ಇಲಿ
ಬಾಯಿಮಾತು ಒಪ್ಪುವುದಿಲ್ಲ. ಅವರ ಚೋಪಡಿ, ಅಂದರೆ ವಂಶಾವಳಿ ಬರೆದಿಟ್ಟ ಪುಸ್ತಕ, ತೋರಿಸಿದರೆ ನೋಡೋಣ ಎನ್ನುತ್ತಾರೆ :)

ಫಿಲಡೆಲ್ಫಿಯಾ ಪುಟ್ಟಣ್ಣ
ಕನ್ನಡಿಗರು ಇಷ್ಟು ಜನ ಸೇರಿದ್ದೀರಿ, ಒಬ್ಬರೂ ಹೈದರ್ ಅಲಿ ಹೆಸರು ಎತ್ತಲಿಲ್ಲವಲ್ಲ!

1782ರಲ್ಲಿ ಡೆಲವೇರ್ ನದಿಯ ಬಾಯಲ್ಲಿ ಬ್ರಿಟಿಷರ ಕಡೆಯ ಹಡಗುಗಳ ಕಾಟ ಜಾಸ್ತಿಯಾಗಿತ್ತು. ಫಿಲಡೆಲ್ಫಿಯಾದ ವ್ಯಾಪಾರಿಗಳು ಸೇರಿ, ಪೆನ್ಸಿಲ್ವೇನಿಯಾ ಸರ್ಕಾರದ ಪರವಾಗಿ ಒಂದು ಯುದ್ಧನೌಕೆ ಸಜ್ಜು ಮಾಡಿದರು. ಅದರ ಹೆಸರು "ಹೈದರ್ ಅಲಿ". ಆಗ ಮೈಸೂರಿನ ಹೈದರ್ ಬ್ರಿಟಿಷರ ವಿರುದ್ಧ ಎರಡನೇ ಮೈಸೂರು ಯುದ್ಧದಲ್ಲಿದ್ದ. 1780ರಲ್ಲಿ ಪೊಳ್ಳಿಲೂರಿನಲ್ಲಿ ಅವನ ಸೇನೆ ಕಂಪನಿಯ ಸೇನೆಯನ್ನು ಸೋಲಿಸಿತ್ತು. ಶತ್ರುವಿನ ಶತ್ರು ನಮ್ಮವನು ಅಂತ ಇಲ್ಲಿನವರಿಗೆ ಅವನ ಮೇಲೆ ಅಭಿಮಾನ.

ಕ್ಯಾಪ್ಟನ್ ಜೋಶುವಾ ಬಾರ್ನಿಗೆ ಆಗ ಬರೀ 22 ವರ್ಷ. ಏಪ್ರಿಲ್ 8ರಂದು ತನ್ನದಕ್ಕಿಂತ ಬಲವಾದ "ಜನರಲ್ ಮಾಂಕ್" ಎಂಬ ಬ್ರಿಟಿಷ್ ಹಡಗು ಎದುರಾಯಿತು. ಬಾರ್ನಿ ಮೊದಲೇ ಚುಕ್ಕಾಣಿ ಹಿಡಿದವನಿಗೆ ಗುಟ್ಟಾಗಿ ಹೇಳಿಟ್ಟಿದ್ದ: ನಾನು ಕೂಗಿ ಹೇಳಿದ್ದಕ್ಕೆ ಉಲ್ಟಾ ತಿರುಗಿಸು. ಕೂಗಿದ್ದು ಶತ್ರುವಿಗೂ ಕೇಳಿಸಿತು. ಅವರು ಅದನ್ನೇ ನಂಬಿ ತಿರುಗಿದರು, ಹಡಗಿನ ಮೂತಿ ಬಂದು ಹೈದರ್ ಅಲಿಯ ಹಗ್ಗಗಳಿಗೆ ಸಿಕ್ಕಿಕೊಂಡಿತು. ಆಮೇಲೆ ಅರ್ಧ ಗಂಟೆಯೂ ಹಿಡಿಯಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ರಾಜ್ಯದ ನೌಕಾಪಡೆಯಲ್ಲಿ ಮಾಡಿದ ಸೇವೆಯೂ ಡಿಎಆರ್ ನಿಯಮದ ಒಳಗೇ ಬರುತ್ತದೆ. ಅಂದರೆ ನಮ್ಮ ಹೈದರನ ಹೆಸರಿನ ಹಡಗಿನಲ್ಲಿ ದುಡಿದ ನಾವಿಕನ ಮರಿಮೊಮ್ಮಗಳು ಆ ಸೇವೆಯ ಮೇಲೆಯೇ ಸದಸ್ಯೆಯಾಗಬಹುದು. ಶ್ರೀರಂಗಪಟ್ಟಣ ಎಲ್ಲಿದೆ ಎಂದು ಅವಳಿಗೆ ಗೊತ್ತಿರಬೇಕು ಎಂದೇನಿಲ್ಲ.

ಕಾಫಿತೋಟ
ಅಯ್ಯೋ, ಇದು ಗೊತ್ತೇ ಇರಲಿಲ್ಲ! ಅಮ್ಮನಿಗೆ ಓದಿ ಹೇಳಿದೆ. "ನಾನು ಕೈಮುಗಿದದ್ದು ಸರಿಯಾಯಿತು ಬಿಡು" ಎಂದರು.

ಕಡಲತೀರ
ಕೈಮುಗಿಯುವ ಮುಂಚೆ ಇನ್ನೊಂದು ಪುಟವನ್ನೂ ಓದಿ.

1920ರ ದಶಕದಲ್ಲಿ ವಲಸೆ ಬಿಗಿಮಾಡಬೇಕು ಎಂದು ಜೋರಾಗಿ ಹೇಳಿದವರಲ್ಲಿ ಈ ಸಂಘವೂ ಒಂದು. 1965ರಲ್ಲಿ ದೇಶವಾರು ಕೋಟಾ ತೆಗೆದುಹಾಕುವ ಮಸೂದೆ ಬಂತಲ್ಲ, ಅದನ್ನೂ ವಿರೋಧಿಸಿದರು. ಆ ಕಾನೂನು ಬಂದಮೇಲೆಯೇ ನಮ್ಮ ಡಾಕ್ಟರು, ಇಂಜಿನಿಯರುಗಳು ಗುಂಪುಗುಂಪಾಗಿ ಇಲ್ಲಿಗೆ ಬಂದದ್ದು. ಅವರ ಮಾತು ನಡೆದಿದ್ದರೆ ನಿಮ್ಮ ತಮ್ಮನ ಕೈಗೆ ಬಾವುಟ ಬರುತ್ತಿತ್ತಾ?

1928ರಲ್ಲಿ ಇನ್ನೊಂದು ಗಲಾಟೆ. ಇಂಥವರನ್ನು ಭಾಷಣಕ್ಕೆ ಕರೆಯಬೇಡಿ ಎಂದು ಕಪ್ಪುಪಟ್ಟಿಗಳು ಸಂಘದೊಳಗೆ ಓಡಾಡುತ್ತಿದ್ದವು. ಹೆಲೆನ್ ಟಫ್ಟ್ಸ್ ಬೇಲಿ ಎಂಬ ಸದಸ್ಯೆಯೇ ಅದನ್ನು ಬಯಲು ಮಾಡಿದರು. ಬಹುಮಾನವಾಗಿ ಅವರನ್ನೇ ಹೊರಹಾಕಿದರು.

ಮತ್ತೆ ಕಪ್ಪು ಗಾಯಕಿ ಮೇರಿಯನ್ ಆಂಡರ್ಸನ್ ವಿಷಯ. ಡಿಎಆರ್‌ಗೆ ವಾಷಿಂಗ್ಟನ್‌ನಲ್ಲಿ ಕಾನ್ಸ್ಟಿಟ್ಯೂಷನ್ ಹಾಲ್ ಎಂಬ ದೊಡ್ಡ ಸಭಾಂಗಣ ಇದೆ, 1929ರಲ್ಲಿ ಕಟ್ಟಿದ್ದು. ಬಿಳಿಯ ಕಲಾವಿದರಿಗೆ ಮಾತ್ರ ಎಂಬ ಷರತ್ತು ಇತ್ತು. 1939ರಲ್ಲಿ ಹೊವಾರ್ಡ್ ವಿಶ್ವವಿದ್ಯಾಲಯದವರು ಆಂಡರ್ಸನ್ ಅವರ ಸಂಗೀತ ಕಛೇರಿಗೆ ಹಾಲ್ ಕೇಳಿದಾಗ ಕೊಡಲಿಲ್ಲ. ಯುರೋಪೆಲ್ಲ ಮೆಚ್ಚಿದ ಗಾಯಕಿ ಆಕೆ! ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಸಂಘಕ್ಕೆ ರಾಜೀನಾಮೆ ಬಿಸಾಕಿದರು. ಏಪ್ರಿಲ್ 9, ಈಸ್ಟರ್ ಭಾನುವಾರ, ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ಆಂಡರ್ಸನ್ ಹಾಡಿದರು. ಸುಮಾರು 75,000 ಜನ ಸೇರಿದ್ದರು. ಹಾಲ್ ಕೊಟ್ಟಿದ್ದರೆ 4,000 ಜನವೂ ಹಿಡಿಸುತ್ತಿರಲಿಲ್ಲ.

ಫಿಲಡೆಲ್ಫಿಯಾ ಪುಟ್ಟಣ್ಣ
ಒಪ್ಪಿದೆ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. 1943ರಲ್ಲಿ ಯುದ್ಧ ಪರಿಹಾರ ನಿಧಿಗಾಗಿ ಆಕೆ ಅದೇ ಹಾಲ್‌ನಲ್ಲಿ ಹಾಡಿದರು. 1964ರಲ್ಲಿ ತಮ್ಮ ವಿದಾಯದ ಪ್ರವಾಸವನ್ನು ಅಲ್ಲಿಂದಲೇ ಶುರು ಮಾಡಿದರು.

ಕಡಲತೀರ
ಅದು ಆಂಡರ್ಸನ್ ಅವರ ದೊಡ್ಡತನ, ಡಿಎಆರ್‌ದಲ್ಲ.

ಸಾಗರದಕ್ಕ
ಇಬ್ಬರೂ ಸ್ವಲ್ಪ ತಡೆಯಿರಪ್ಪಾ. ಮೂಲ ಪ್ರಶ್ನೆ ಸೇವೆಯದ್ದು. ನಾನು ಮ್ಯಾಸಚೂಸೆಟ್ಸ್‌ನಲ್ಲಿದ್ದೇನೆ. ನಮ್ಮ ಊರಿನ ಹಳೇ ಸ್ಮಶಾನದ ಸಮಾಧಿಕಲ್ಲು ತೊಳೆಯಲು ಇಲ್ಲಿನ ಚಾಪ್ಟರಿನವರು ವರ್ಷಕ್ಕೊಮ್ಮೆ ಜನರನ್ನು ಕರೆಯುತ್ತಾರೆ. ಸದಸ್ಯರೇ ಆಗಬೇಕು ಎಂದಿಲ್ಲ. ಮಗಳ ಶಾಲೆಯಿಂದ ಚೀಟಿ ಬಂತು, ಹೋದೆವು.

ನಾನು ಮನೆಯಿಂದ ಕಬ್ಬಿಣದ ನಾರು, ಬ್ಲೀಚು ತಗೊಂಡು ಹೋಗಿದ್ದೆ. ಅಲ್ಲಿದ್ದ ಒಬ್ಬ ಅಜ್ಜಿ ನೋಡಿ ನಕ್ಕು ಎರಡನ್ನೂ ಕಾರಿನಲ್ಲಿ ವಾಪಸ್ ಇಡಿಸಿದರು. ಮೊದಲು ಕಲ್ಲು ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ ಪದರ ಎದ್ದಿದೆ ಎಂದರ್ಥ, ಮುಟ್ಟಬಾರದು. ಗಟ್ಟಿಯಿದ್ದರೆ ಚೆನ್ನಾಗಿ ನೀರು ಹಾಕಿ, ಮೆತ್ತನೆಯ ಬ್ರಷ್ಷಿನಿಂದ ಕೆಳಗಿನಿಂದ ಮೇಲಕ್ಕೆ ಉಜ್ಜಬೇಕು. ಮೇಲಿನಿಂದ ಶುರು ಮಾಡಿದರೆ ಕೊಳೆ ನೀರು ಇಳಿದು ಗೆರೆ ಬೀಳುತ್ತದೆ. ಇಲ್ಲಿನ ಹಳೇ ಕಲ್ಲುಗಳು ಕಪ್ಪು ಸ್ಲೇಟಿನವು, ಮೇಲೆ ರೆಕ್ಕೆ ಇರುವ ತಲೆಬುರುಡೆ ಕೆತ್ತಿರುತ್ತಾರೆ. ಪಾಚಿ ಹೋದಮೇಲೆ ಅಕ್ಷರ ಎಷ್ಟು ಚೊಕ್ಕವಾಗಿ ಕಾಣುತ್ತದೆ ಎಂದರೆ, 1780ರ ಸುಮಾರಿನವರು ನಿನ್ನೆ ಕೆತ್ತಿದ ಹಾಗೆ. ಕೊನೆಗೆ ಕ್ರಾಂತಿಯ ಸೈನಿಕರ ಕಲ್ಲಿನ ಪಕ್ಕ ಒಂದೊಂದು ಬಾವುಟ.

ನಮ್ಮ ಊರಲ್ಲಿ ವೀರಗಲ್ಲಿನ ಮೇಲೆ ಬಟ್ಟೆ ಒಗೆಯುವುದನ್ನು ನೋಡಿ ಬೆಳೆದವಳು ನಾನು. ಹಾಗಾಗಿ ಆ ದಿನ ಹೊಟ್ಟೆಕಿಚ್ಚು ಪಟ್ಟೆ ಎಂದರೂ ಸರಿಯೇ.

ಇದಲ್ಲದೆ ಶಾಲಾ ಮಕ್ಕಳಿಗೆ ಅಮೆರಿಕದ ಇತಿಹಾಸದ ಮೇಲೆ ಪ್ರಬಂಧ ಸ್ಪರ್ಧೆ ಇಡುತ್ತಾರೆ. ಅದಕ್ಕೆ ಯಾವ ವಂಶವೂ ಬೇಕಿಲ್ಲ, ನಮ್ಮ ಮಕ್ಕಳೂ ಬರೆಯಬಹುದು. ಸೈನಿಕರ ಆಸ್ಪತ್ರೆಗಳಿಗೂ ಹೋಗುತ್ತಾರೆ.

ಲೈಬ್ರರಿ ಇಲಿ
ಸಾಗರದಕ್ಕ, ಆ ತಟ್ಟಿ ನೋಡುವ ವಿಷಯ ಎಲ್ಲರೂ ತಿಳಿದುಕೊಳ್ಳಬೇಕಾದ್ದು. ಒಳ್ಳೆಯ ಮನಸ್ಸಿನಿಂದ ಬ್ಲೀಚ್ ಹಾಕಿ ಹಾಳಾದ ಕಲ್ಲುಗಳು ಎಷ್ಟೋ.

ಹಳೆಯ ಸೇವೆಯ ಬಗ್ಗೆ ಇನ್ನೆರಡು ಮಾತು. 1898ರಲ್ಲಿ ಸ್ಪೇನ್ ಜೊತೆ ಯುದ್ಧ ಆದಾಗ ಸೈನ್ಯಕ್ಕೆ ತನ್ನದೇ ನರ್ಸ್‌ಗಳ ವಿಭಾಗ ಇರಲಿಲ್ಲ. ಡಿಎಆರ್‌ನ ಡಾ. ಅನಿತಾ ನ್ಯೂಕಮ್ ಮೆಕ್‌ಗೀ ಸಂಘದಿಂದಲೇ ಒಂದು ಸಮಿತಿ ಮಾಡಿ, ಬಂದ ಅರ್ಜಿಗಳನ್ನು ಜರಡಿ ಹಿಡಿದು, ತರಬೇತಾದ ಸಾವಿರಕ್ಕೂ ಹೆಚ್ಚು ನರ್ಸ್‌ಗಳನ್ನು ಆರಿಸಿಕೊಟ್ಟರು. 1901ರಲ್ಲಿ ಸೈನ್ಯದ ಖಾಯಂ ನರ್ಸಿಂಗ್ ವಿಭಾಗ ಶುರುವಾಗಲು ಈ ಅನುಭವವೇ ದಾರಿ ಮಾಡಿತು. ನನ್ನ ಲೆಕ್ಕದಲ್ಲಿ ಡಿಎಆರ್ ಮಾಡಿದ ದೊಡ್ಡ ಕೆಲಸಗಳಲ್ಲಿ ಇದೂ ಒಂದು. ಆದರೆ ಯಾರೂ ಹೇಳುವುದಿಲ್ಲ.

ಇನ್ನೊಂದು ಕಡಲತೀರ ಅವರಿಗೆ. ವಲಸೆ ಬೇಡ ಎನ್ನುತ್ತಿದ್ದ ಅದೇ 1920ರ ದಶಕದಲ್ಲಿ, ಬಂದವರಿಗಾಗಿ ಹಲವು ಭಾಷೆಗಳಲ್ಲಿ ಪೌರತ್ವದ ಕೈಪಿಡಿ ಮುದ್ರಿಸಿ ಪುಕ್ಕಟೆ ಹಂಚಿದ್ದೂ ಇವರೇ. ಹಡಗಿನಲ್ಲಿ ಬಂದ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕಿನ ಎಲಿಸ್ ದ್ವೀಪದಲ್ಲಿ ತಡೆದಿಟ್ಟಿದ್ದ ಹೆಂಗಸರಿಗೆ ಹೊಲಿಯಲು ಬಟ್ಟೆ, ಹೆಣೆಯಲು ಉಣ್ಣೆ ದಾರ ಕೊಟ್ಟು ಕೂರಿಸುತ್ತಿದ್ದದ್ದೂ ಇವರೇ. ಬಾಗಿಲು ಹಾಕಿ ಎನ್ನುವವರೂ ಒಳಗೆ ಬಂದವರಿಗೆ ಮಣೆ ಹಾಕುವವರೂ ಒಂದೇ ಮನೆಯಲ್ಲಿದ್ದರು. ಇದನ್ನು ಒಂದೇ ಮಾತಿನಲ್ಲಿ ಒಳ್ಳೆಯದು, ಕೆಟ್ಟದ್ದು ಎನ್ನಲು ನನಗಂತೂ ಆಗುವುದಿಲ್ಲ.

ಕಡಲತೀರ
ನ್ಯಾಯವಾದ ಮಾತು. ಆದರೆ ಕಪ್ಪು ಜನರ ವಿಷಯ? ಕಾಗದ ತೋರಿಸಿ ಎನ್ನುವ ನಿಯಮ ಎಲ್ಲರಿಗೂ ಒಂದೇ ಎಂದು ಹೇಳುವುದು ಸುಲಭ. ಗುಲಾಮರಾಗಿದ್ದವರ ಹೆಸರನ್ನೇ ಬರೆದುಕೊಳ್ಳಲಿಲ್ಲ. 1850ರ ಜನಗಣತಿಯಲ್ಲೂ ಅವರದ್ದು ವಯಸ್ಸು ಮತ್ತು ಗಂಡೋ ಹೆಣ್ಣೋ ಅಷ್ಟೇ, ಒಡೆಯನ ಹೆಸರಿನ ಕೆಳಗೆ. ಅವರ ಮೊಮ್ಮಕ್ಕಳು ಎಲ್ಲಿಂದ ಕಾಗದ ತರಬೇಕು?

ಲೈಬ್ರರಿ ಇಲಿ
ಈ ಎಳೆಯಲ್ಲಿ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದೇ.

1977ರಲ್ಲಿ ಮಿಷಿಗನ್‌ನ ರಾಯಲ್ ಓಕ್‌ನಲ್ಲಿರುವ ಎಜ್ರಾ ಪಾರ್ಕರ್ ಚಾಪ್ಟರ್ ಕ್ಯಾರೆನ್ ಬ್ಯಾಚಲರ್ ಫಾರ್ಮರ್ ಅವರನ್ನು ಸೇರಿಸಿಕೊಂಡಿತು. ಆಗ ಅವರೇ ಮೊದಲ ಕಪ್ಪು ಸದಸ್ಯೆ ಎಂದು ಪೇಪರಿನಲ್ಲಿ ಬಂತು. ಸರಿಹೋಯಿತು ಎನ್ನುವಷ್ಟರಲ್ಲಿ 1980ರ ದಶಕದ ಮೊದಲಲ್ಲಿ ವಾಷಿಂಗ್ಟನ್‌ನ ಲೀನಾ ಸ್ಯಾಂಟೋಸ್ ಫರ್ಗ್ಯೂಸನ್ ಅವರ ಪ್ರಸಂಗ. ಅವರ ಪೂರ್ವಜ ಜೋನಾ ಗೇ ಎಂಬ ಬಿಳಿಯ. ದಾಖಲೆ ಎಲ್ಲಾ ಸರಿಯಿತ್ತು. ಆದರೂ ಸ್ಥಳೀಯ ಚಾಪ್ಟರ್ ಬಾಗಿಲು ತೆರೆಯಲಿಲ್ಲ. ಸೇರಲು ಚಾಪ್ಟರಿನ ಸದಸ್ಯರ ಅನುಮೋದನೆ ಬೇಕು ಎಂಬ ನಿಯಮ ಇತ್ತಲ್ಲ, ಕಾಗದದ ನೆಪ ನಡೆಯದ ಕಡೆ ಹೊರಗಿಡಲು ಆ ನಿಯಮ ಕೆಲಸಕ್ಕೆ ಬಂತು. 1984ರಲ್ಲಿ ಪತ್ರಿಕೆಯಲ್ಲಿ ಬಂದು ದೊಡ್ಡ ಸುದ್ದಿಯಾಯಿತು. ಸಂಘ ತನ್ನ ಬೈಲಾ ತಿದ್ದಿ ಜನಾಂಗಭೇದ ನಿಷೇಧಿಸಿತು. ಫರ್ಗ್ಯೂಸನ್ ಅವರು ಅಷ್ಟಕ್ಕೇ ಬಿಡಲಿಲ್ಲ. ನನ್ನನ್ನು ಸೇರಿಸಿದರೆ ಸಾಲದು, ಯುದ್ಧದಲ್ಲಿದ್ದ ಕಪ್ಪು ಜನರ ಹೆಸರನ್ನು ನೀವೇ ಹುಡುಕಿ ಎಂದು ಪಟ್ಟು ಹಿಡಿದರು.

ಅದರ ಫಲ ಸಿಗಲು ವರ್ಷಗಳೇ ಬೇಕಾದವು. 2008ರಲ್ಲಿ ಡಿಎಆರ್ ಒಂದು ದಪ್ಪ ಪುಸ್ತಕ ತಂದಿತು. ಕ್ರಾಂತಿಯುದ್ಧದಲ್ಲಿ ದುಡಿದ 6,600ಕ್ಕೂ ಹೆಚ್ಚು ಕಪ್ಪು ಜನರ ಮತ್ತು ಮೂಲನಿವಾಸಿಗಳ ಹೆಸರು ಅದರಲ್ಲಿದೆ. ಅದನ್ನು ತೆಗೆದು ನೋಡಿದರೆ ಮನಸ್ಸು ಒಂಥರಾ ಆಗುತ್ತದೆ. ಎಷ್ಟೋ ಕಡೆ ಪೂರ್ತಿ ಹೆಸರೇ ಇಲ್ಲ. ಸಿಪಾಯಿ ಪಟ್ಟಿಯಲ್ಲಿ ಸೀಸರ್, ಪ್ರೈಮಸ್, ಕಫ್ ಎಂಬ ಒಂಟಿ ಹೆಸರುಗಳು. ಹಾಗಿದ್ದರೂ ಈಗ ಅರ್ಜಿ ಹಾಕುವ ಹೆಣ್ಣುಮಗಳಿಗೆ ಹುಡುಕಲು ಒಂದು ಜಾಗ ಇದೆ. ಮೊದಲು ಪುರಾವೆ ಕೇಳಿ ಹೊರಗೆ ನಿಲ್ಲಿಸಿದವರೇ ಆಮೇಲೆ ಪುರಾವೆ ಹುಡುಕಿ ಕೊಟ್ಟರು. ಹುಡುಕಿಸಿದ್ದು ಹೊರಗೆ ನಿಂತಿದ್ದವರು ಎನ್ನುವುದನ್ನು ಮರೆಯಬಾರದು, ಅಷ್ಟೇ.

ಕಡಲತೀರ
ಇದು ಗೊತ್ತಿರಲಿಲ್ಲ. ನಮ್ಮ ಲೈಬ್ರರಿಯಲ್ಲಿ ಕೇಳಿ ನೋಡುತ್ತೇನೆ.

ಮೈಸೂರಜ್ಜಿ
ನಮಸ್ಕಾರ. ನಾನು ಸುಮ್ಮನೆ ಓದುವವಳು, ಬರೆಯುವವಳಲ್ಲ. ಆದರೂ ಕೇಳುತ್ತೇನೆ. ನನ್ನ ಮಗ ಪೆನ್ಸಿಲ್ವೇನಿಯಾದಲ್ಲಿದ್ದಾನೆ, ಸೊಸೆ ಅಲ್ಲಿಯವಳೇ. ಅವರ ಮನೆತನ ಬಹಳ ಹಳೆಯದು, ಜರ್ಮನಿಯಿಂದ ಬಂದು ಇನ್ನೂರೈವತ್ತು ವರ್ಷದ ಮೇಲಾಯಿತು ಎನ್ನುತ್ತಾಳೆ. ಮೊಮ್ಮಗಳಿಗೆ ಈಗ ಒಂಬತ್ತು. ಅಪ್ಪ ನಮ್ಮವನಾದ್ದರಿಂದ ಅವಳನ್ನು ಈ ಸಂಘಕ್ಕೆ ಸೇರಿಸಿಕೊಳ್ಳುವುದಿಲ್ಲವೇನೋ?

ಲೈಬ್ರರಿ ಇಲಿ
ಅಜ್ಜಿ, ಖಂಡಿತ ಸೇರಿಸಿಕೊಳ್ಳುತ್ತಾರೆ. ಅಪ್ಪ ಯಾರು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ತಾಯಿಯ ಕಡೆಯಿಂದ ರಕ್ತಸಂಬಂಧ ಇದ್ದರೆ ಸಾಕು. 18 ಆಗುವವರೆಗೆ ಡಿಎಆರ್ ಆಗದು, ಆದರೆ ಮಕ್ಕಳಿಗೆಂದೇ ಚಿಲ್ಡ್ರನ್ ಆಫ್ ದಿ ಅಮೆರಿಕನ್ ರೆವಲ್ಯೂಷನ್ ಎಂಬ ಬೇರೆ ಸಂಘ 1895ರಿಂದ ಇದೆ. ಹುಡುಗರೂ ಸೇರಬಹುದು.

ಸೊಸೆಯವರಿಗೆ ಹೀಗೆ ಹೇಳಿ. ಡಿಎಆರ್‌ನ ಪೂರ್ವಜರ ಪಟ್ಟಿ ಅಂತರ್ಜಾಲದಲ್ಲಿ ಪುಕ್ಕಟೆ ನೋಡಬಹುದು. ಮೊದಲು ಮನೆತನದ ಹೆಸರು ಹಾಕಿ ನೋಡಲಿ. ಬೇರೆ ಯಾರಾದರೂ ಅದೇ ಪೂರ್ವಜನನ್ನು ತೋರಿಸಿ ಈಗಾಗಲೇ ಸೇರಿದ್ದರೆ ಅರ್ಧ ಕೆಲಸ ಆದಹಾಗೆ. ಪೆನ್ಸಿಲ್ವೇನಿಯಾದ ಜರ್ಮನ್ ಹೆಸರುಗಳನ್ನು ಗುಮಾಸ್ತರು ಕಿವಿಗೆ ಕೇಳಿದಂತೆ ಬರೆದಿದ್ದಾರೆ, ಬೇರೆ ಬೇರೆ ಕಾಗುಣಿತದಲ್ಲಿ ಹುಡುಕಬೇಕು. ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳು ಅಲ್ಲಿ ಚೆನ್ನಾಗಿ ಉಳಿದಿವೆ.

ಮೈಸೂರಜ್ಜಿ
ಸೊಸೆಗೆ ಫೋನ್ ಮಾಡಿದೆ ಮಗು. ಅವಳ ಅಜ್ಜಿಯ ಮನೆಯಲ್ಲಿ ಹಳೇ ಬೈಬಲ್ ಇದೆಯಂತೆ, ಒಳಗೆ ಹೆಸರು ಬರೆದಿದ್ದಾರಂತೆ. ಆ ಹಾಳೆಯ ಫೋಟೋ ಕಳಿಸಿದರೆ ಸಾಕೇ?

ಲೈಬ್ರರಿ ಇಲಿ
ಸಾಲದು ಅಜ್ಜಿ. ಹೆಸರು ಬರೆದ ಹಾಳೆಗಳ ಜೊತೆ ಪುಸ್ತಕದ ಮೊದಲ ಪುಟದ ಫೋಟೋನೂ ಬೇಕು, ಮುದ್ರಣದ ವರ್ಷ ಅಲ್ಲಿರುತ್ತದೆ. ಬೈಬಲ್ 1880ರಲ್ಲಿ ಅಚ್ಚಾಗಿ ಅದರಲ್ಲಿ 1790ರ ಮದುವೆ ಬರೆದಿದ್ದರೆ, ಅದನ್ನು ಯಾರೋ ಆಮೇಲೆ ನೆನಪಿನಿಂದ ಬರೆದದ್ದು ಎಂದು ಲೆಕ್ಕ ಹಾಕುತ್ತಾರೆ. ಹಾಳೆ ಹರಿದು ಕಳಿಸುವುದಂತೂ ಬೇಡವೇ ಬೇಡ!